ಸುವಾನ್‌ನಲ್ಲಿ ನಮ್ಮ ಮಕ್ಕಳಿಗೆ ಕೊರಿಯಾ ಹೇಳ್ಕೊಟ್ಟ ಕಥೆ

ನಾನು ಟೀಚರ್ ಅಲ್ಲ, ಮೊದಲೇ ಹೇಳ್ಬಿಡ್ತೀನಿ. ಯಜಮಾನ್ರ ಕೆಲಸಕ್ಕೆ ಅಂತ ಕೊರಿಯಾದ ಸುವಾನ್‌ಗೆ ಬಂದು ನಾಲ್ಕು ವರ್ಷ ಆಯ್ತು, ಮಗಳು ಇಲ್ಲಿನ ಸರ್ಕಾರಿ ಸ್ಕೂಲಲ್ಲೇ ಓದೋದು, ಹಂಗಾಗಿ ಊರಿಂದ ಹೊಸದಾಗಿ ಬಂದ ಒಂದೆರಡು ಮನೆಯವರು "ನಮ್ಮ ಮಕ್ಳಿಗೂ ಸ್ವಲ್ಪ ಹೇಳ್ಕೊಡಿ ಅಕ್ಕ, ಮಾರ್ಚ್‌ಗೆ ಸ್ಕೂಲ್ ಶುರು" ಅಂದ್ರು. ಆಗ ಡಿಸೆಂಬರ್. ಆರು ಮಕ್ಕಳು, ಏಳರಿಂದ ಹತ್ತು ವರ್ಷದವರು, ಶನಿವಾರ ನಮ್ಮನೆ ಹಾಲ್‌ನಲ್ಲಿ ಕ್ಲಾಸು.

ಮೊದಲನೇ ವಾರ ಪೂರ್ತಿ ಫ್ಲಾಪ್. ಚಾರ್ಟ್ ಮಾಡಿದ್ದೆ, ಬಾವುಟ, ಹಾನ್‌ಬೊಕ್ ಅನ್ನೋ ಇಲ್ಲಿನ ಸಾಂಪ್ರದಾಯಿಕ ಉಡುಪು, ಸೆಜೊಂಗ್ ರಾಜ 1443ರಲ್ಲಿ ಹಂಗುಲ್ ಲಿಪಿ ಮಾಡಿ 1446ರಲ್ಲಿ ಜನಕ್ಕೆ ಕೊಟ್ಟ ಅಂತೆಲ್ಲ. ಒಬ್ಬ ಸೋಫಾ ಮೇಲೆ ನಿದ್ದೆನೇ ಹೋದ. ಅವರವರ ಹೆಸರು ಬರೆಸಿದಾಗ ಮಾತ್ರ ಎದ್ದು ಕೂತ್ರು. ಹಂಗುಲ್‌ನಲ್ಲಿ ನಮ್ಮ ವ ಇಲ್ಲ, ಫ ಇಲ್ಲ, ಹಂಗಾಗಿ ವೈಷ್ಣವಿ ಹೋಗಿ ಬೈಷ್ಯುನಬಿ ಆದ್ಲು, ಕಾಫಿ ಇಲ್ಲಿ ಕೊಪಿ. ನಮ್ಮ ಹಳ್ಳಿ ಅಜ್ಜಿ ಕಾಪಿ ಅನ್ನಲ್ವಾ ಹಂಗೇ.

ಎರಡನೇ ವಾರ ಚಾರ್ಟ್ ಮಡಚಿಟ್ಟು ಯುನ್ನೋರಿ ತಂದೆ. ಇಲ್ಲಿ ಹೊಸವರ್ಷ ಸೊಲ್ಲಾಲ್‌ಗೆ ಮನೆಮಂದಿ ಎಲ್ಲ ಕೂತು ಆಡೋ ಆಟ. ನಾಲ್ಕು ಕೋಲು, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಒಂದು ಚಪ್ಪಟೆ ಮೇಲೆ ಬಿದ್ರೆ ದೋ ಅಂದ್ರೆ ಹಂದಿ, ಒಂದು ಮನೆ. ಎರಡಕ್ಕೆ ನಾಯಿ, ಮೂರಕ್ಕೆ ಕುರಿ, ನಾಲ್ಕೂ ಬಿದ್ರೆ ಯುತ್, ಅದು ಹಸು, ಎಲ್ಲ ಬೋರಲು ಬಿದ್ರೆ ಮೋ, ಕುದುರೆ, ಐದು ಮನೆ ಓಡತ್ತೆ. ಯುತ್ ಮೋ ಬಿದ್ರೆ ಇನ್ನೊಂದು ಸಲ ಹಾಕ್ಬಹುದು. ಅತ್ತೆ ಆಗ ತುಮಕೂರಿಂದ ಬಂದಿದ್ರು, ಅಡುಗೆಮನೆಯಿಂದ್ಲೇ ನೋಡ್ತಿದ್ದವರು "ಇದು ನಮ್ಮ ಚೌಕಾಬಾರ ಅಲ್ವೇನೇ" ಅಂತ ಬಂದು ಕೂತೇಬಿಟ್ರು. ನಿಜ, ನಾಲ್ಕು ಕವಡೆ, ಎಲ್ಲ ಮೇಲೆ ಬಿದ್ರೆ ಚೌಕ, ಎಲ್ಲ ಬೋರಲಾದ್ರೆ ಬಾರ, ಕಾಯಿ ಕಡಿದ್ರೆ ಇನ್ನೊಂದು ಚಾನ್ಸು, ಎಲ್ಲ ಅದೇ. ಇಲ್ಲಿ ನಮ್ಮದೇ ಎರಡು ಕಾಯಿ ಒಂದೇ ಮನೆಗೆ ಬಂದ್ರೆ ಒಂದರ ಬೆನ್ನ ಮೇಲೆ ಇನ್ನೊಂದು ಕೂತು ಒಟ್ಟಿಗೆ ಹೋಗ್ಬಹುದು, ಅದೊಂದು ನಮಗೆ ಹೊಸದು. ಅತ್ತೆನೇ ಗೆದ್ದಿದ್ದು. ಅವತ್ತು ಮಕ್ಕಳು ಒಂದರಿಂದ ಇಪ್ಪತ್ತರವರೆಗೆ ಕೊರಿಯನ್‌ನಲ್ಲಿ ಎಣಿಸೋದು ಕಲಿತ್ರು, ನಾನು ಹೇಳ್ಕೊಡದೇನೇ.

ಆಮೇಲೆ ಇದೇ ದಾರಿ ಹಿಡಿದೆ, ನಮ್ಮಲ್ಲಿರೋದ್ರಿಂದ ಶುರು ಮಾಡು. ಅಪ್ಪನಿಗೆ ಇಲ್ಲೂ ಅಪ್ಪಾ ಅಂತಾರೆ. ಸಿಕ್ಕಿದವರನ್ನ "ಬಾಪ್ ಮೊಗೊಸ್ಸೊಯೋ" ಅಂತ ಕೇಳ್ತಾರೆ, ಊಟ ಆಯ್ತಾ ಅಂತ. ಕ್ರಿಯಾಪದ ನಮ್ಮ ಥರ ಕೊನೆಗೆ ಬರತ್ತೆ. (ಇಷ್ಟಕ್ಕೇ ಎರಡೂ ಭಾಷೆ ಒಂದೇ ತಾಯಿ ಮಕ್ಕಳು ಅಂತ ವಾಟ್ಸಾಪ್ ಫಾರ್ವರ್ಡ್ ಓಡಾಡತ್ತೆ, ಭಾಷಾಶಾಸ್ತ್ರದವರು ಅದನ್ನ ಒಪ್ಪಲ್ಲ, ಮಕ್ಕಳಿಗೆ ಅದನ್ನೂ ಹೇಳಿದೆ.)

ಇದೇ ಜೋಶ್‌ನಲ್ಲಿ ಎಡವಟ್ಟು ಆಗಿದ್ದು. ಅಣ್ಣ ಅಂದ್ರೆ ಓಪ್ಪಾ, ಅಕ್ಕ ಅಂದ್ರೆ ಓನ್ನಿ ಅಂತ ಎಲ್ಲರಿಗೂ ಬರೆಸಿದ್ದೆ. ಎಂಟು ವರ್ಷದ ಹುಡುಗ ಪಾರ್ಕಿನಲ್ಲಿ ದೊಡ್ಡ ಹುಡುಗನ್ನ ಓಪ್ಪಾ ಅಂತ ಕರೆದ, ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ಪಾಪ ಮಗು ಅಳ್ತಾ ಮನೆಗೆ ಬಂತು. ಓಪ್ಪಾ ಹುಡುಗೀರು ಕರೆಯೋದು, ಹುಡುಗ ಆದ್ರೆ ಅಣ್ಣನಿಗೆ ಹ್ಯೊಂಗ್, ಅಕ್ಕನಿಗೆ ನೂನಾ. ನಂಗೆ ಗೊತ್ತಿಲ್ಲದ್ದೇನಲ್ಲ, ಆದ್ರೆ ನಾನೂ ಹೆಂಗಸು, ನನ್ನ ಬಾಯಲ್ಲಿ ಬರೋದನ್ನೇ ಹೇಳ್ಕೊಟ್ಟಿದ್ದೆ. ಕ್ಷಮೆ ಕೇಳಿ ಮುಂದಿನ ವಾರ ಇಡೀ ಕ್ಲಾಸು ಬರೀ ಕರೆಯೋ ಆಟ ಆಡ್ಸಿದೆ. ಇಲ್ಲಿ ವಯಸ್ಸು ಗೊತ್ತಾಗ್ದೆ ಮಾತೇ ಮುಂದೆ ಹೋಗಲ್ಲ, ಚಿಂಗು ಅಂದ್ರೆ ಫ್ರೆಂಡು, ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಒಂದೇ ವಯಸ್ಸಿನವನು ಮಾತ್ರ.

ಸ್ಕೂಲ್ ಊಟಾನೇ ಅಮ್ಮಂದಿರಿಗೆ ದೊಡ್ಡ ಚಿಂತೆ, ಇಬ್ಬರು ಮಕ್ಕಳು ಪಕ್ಕಾ ವೆಜ್ಜು. ಸ್ಕೂಲಿಂದ ಬರೋ ಮೆನುವಿನಲ್ಲಿ ಪ್ರತಿ ಐಟಂ ಪಕ್ಕ ಅಲರ್ಜಿ ನಂಬರ್ ಇರತ್ತೆ. 1 ಮೊಟ್ಟೆ, 9 ಸೀಗಡಿ, 10 ಹಂದಿ, 15 ಕೋಳಿ, 16 ದನ. ಮಕ್ಕಳು ಇದನ್ನ ಮಗ್ಗಿ ಥರ ಬಾಯಿಪಾಠ ಮಾಡಿದ್ರು. ಆದ್ರೆ ಆ ಲಿಸ್ಟಿನಲ್ಲಿ ಎಲ್ಲಾ ಮೀನೂ ಇಲ್ಲ, ಸೂಪಿಗೆ ಒಣಗಿಸಿದ ಸಣ್ಣ ಮೀನು ಹಾಕಿ ಕುದಿಸಿದ ನೀರು ಹಾಕಿದ್ರೆ ನಂಬರಲ್ಲಿ ಗೊತ್ತೇ ಆಗಲ್ಲ, ಕಿಮ್ಚಿಗೂ, ಅಂದ್ರೆ ಇಲ್ಲಿನ ಎಲೆಕೋಸಿನ ಉಪ್ಪಿನಕಾಯಿಗೂ, ಎಷ್ಟೋ ಕಡೆ ಮೀನಿನ ಸಾಸೋ ಉಪ್ಪಲ್ಲಿ ಹಾಕಿದ ಸೀಗಡಿನೋ ಬೀಳತ್ತೆ. ಆ ಇಬ್ಬರು ಟೀಚರ್ ಹತ್ರ ಕೇಳ್ಕೊಂಡು ಡಬ್ಬಿ ತಗೊಂಡು ಹೋಗ್ತಾರೆ, ಅಲ್ಲಿಂದ ಅನ್ನ ಮಾತ್ರ.

ಸೊಲ್ಲಾಲ್‌ಗೆ ಸೆಬೆ ಕಲಿಸಿದೆ, ಹಿರಿಯರಿಗೆ ನೆಲಕ್ಕೆ ಬಾಗಿ ನಮಸ್ಕಾರ ಮಾಡೋದು, ಅವರು ಆಶೀರ್ವಾದ ಮಾಡಿ ದುಡ್ಡು ಕೊಡ್ತಾರೆ, ಎರಡೂ ಕೈಲಿ ಈಸ್ಕೋಬೇಕು. ಆರೂ ಜನಕ್ಕೂ ಸಾವಿರ ವೊನ್ ನೋಟು ಕೊಟ್ಟೆ. ಮುಂದೆ ಯುಗಾದಿ ದಿನ ಬೆಳಿಗ್ಗೆ ಬೆಲ್ ಆಯ್ತು, ಬೇವುಬೆಲ್ಲ ಕೊಡೋಣ ಅಂತ ಬಾಗಿಲು ತೆಗೀತೀನಿ, ಆರೂ ಜನ ಸಾಲಾಗಿ ಕಾರಿಡಾರಿನಲ್ಲೇ ಸೆಬೆ ಹಾಕ್ತಾ ಇದಾರೆ, "ಆಂಟಿ, ಇದೂ ಹೊಸವರ್ಷಾನೇ ತಾನೆ?"