4.5 ಹರ್ಟ್ಜ್ ಜಿಯೋಫೋನಿನಲ್ಲೇ ತಳಬಂಡೆಯ ಆಳ ಸಿಕ್ಕಿತು

ಲೆಕ್ಕ ಕೊನೆಗೂ ಕೂಡಿ ಬಂತು. ಆಮೇಲೆ ಬೋರ್ ಕೊರೆದಾಗ ಬಂಡೆ ತಗುಲಿದ್ದು ಸುಮಾರು 22 ಮೀಟರಿಗೆ. ಅದಕ್ಕೂ ಮೊದಲೇ ನಾನೇ ಕಟ್ಟಿದ, ನೆಲದ ಕಂಪನ ಅಳೆಯುವ ಪೆಟ್ಟಿಗೆ 20-21 ಎಂದು ಹೇಳಿತ್ತು. 4.5 ಹರ್ಟ್ಜ್ ಜಿಯೋಫೋನ್ (ನೆಲದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಣ್ಣ ಸಾಧನ) ಕಟ್ಟಿಕೊಂಡು ಎಚ್/ವಿ, ಅಂದರೆ ಅಡ್ಡ-ಲಂಬ ಕಂಪನಗಳ ಅನುಪಾತ ಅಳೆಯುತ್ತೇನೆ ಎಂದಾಗ ಬಲ್ಲವರು ಯಾರೂ ಒಪ್ಪಿರಲಿಲ್ಲ. "ಅದು ಸುತ್ತಿಗೆ ಹೊಡೆದು ಮಾಡೋ ಸರ್ವೆಗೆ ಸರಿ, 2 ಹರ್ಟ್ಜ್ ಕೆಳಗೆ ಅದರಿಂದ ಏನೂ ಬರೋಲ್ಲ" ಎಂದೇ ಎಲ್ಲರ ಮಾತು.

ಅದರಲ್ಲಿ ಅರ್ಧ ನಿಜ. ಸ್ವಾಭಾವಿಕ ಆವರ್ತನದ (ಇಲ್ಲಿ ಆ 4.5 ಹರ್ಟ್ಜ್) ಕೆಳಗೆ ಇಳಿದಂತೆ ಜಿಯೋಫೋನಿನ ಸಂಕೇತ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ. 1 ಹರ್ಟ್ಜ್‌ಗೆ ಬರುವಷ್ಟರಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಆದರೆ ನಮಗೆ ಬೇಕಾದದ್ದು ಅಡ್ಡ ಕಂಪನಕ್ಕೂ ಲಂಬ ಕಂಪನಕ್ಕೂ ಇರುವ ಅನುಪಾತ. ಅದು ಯಾವ ಆವರ್ತನದಲ್ಲಿ ಶಿಖರ ಮುಟ್ಟುತ್ತದೆ ಎಂಬುದರಿಂದಲೇ ಬಂಡೆಯ ಆಳದ ಲೆಕ್ಕ. ಎರಡು ಅಡ್ಡ, ಒಂದು ಲಂಬ, ಹೀಗೆ ಮೂರೂ ಜಿಯೋಫೋನ್ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಭಾಗಿಸುವಾಗ ಅದು ಹೊಡೆದುಹೋಗುತ್ತದೆ. ಆಮೇಲೆ ಕಾಡುವುದು ಪೆಟ್ಟಿಗೆಯ ಒಳಗಿನ ವಿದ್ಯುತ್ ಗದ್ದಲ ಒಂದೇ.

ಆ "ಒಂದೇ ಪ್ರಮಾಣ"ದಲ್ಲೇ ಎಲ್ಲ ಕಷ್ಟ ಇರುವುದು. ಮಾಹಿತಿ ಹಾಳೆಯಲ್ಲಿ 4.5 ಎಂದು ಬರೆದಿದ್ದರೂ ಕೈಗೆ ಬಂದವು 4.3ರಿಂದ 4.8ರವರೆಗೆ ಚದುರಿದ್ದವು. ಅಡ್ಡದ್ದು, ಲಂಬದ್ದು ಸೇರಿಸಿ ಒಂದು ಡಜನ್ ಕೊಂಡೆ. ಬ್ಯಾಟರಿಯಿಂದ ದೊಡ್ಡ ರೆಸಿಸ್ಟರ್ ಮೂಲಕ ಚೂರೇ ಚೂರು ಕರೆಂಟ್ ಕೊಟ್ಟು ಜಿಯೋಫೋನಿನ ಒಳಗಿನ ಸುರುಳಿಯನ್ನು ಎತ್ತಬೇಕು, ತಟ್ಟನೆ ಕಡಿಯಬೇಕು, ಅದು ತೂಗಾಡಿ ನಿಲ್ಲುವುದನ್ನು ದಾಖಲಿಸಬೇಕು. ಆವರ್ತನ, ಡ್ಯಾಂಪಿಂಗ್ (ತೂಗಾಟ ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ) ಎರಡೂ ಅದರಲ್ಲೇ ಸಿಗುತ್ತವೆ. ಒಂದಕ್ಕೊಂದು ಹತ್ತಿರವಿದ್ದ ಮೂರನ್ನು ಆರಿಸಿ, ಪ್ರತಿಯೊಂದರ ಸುರುಳಿಗೂ ಸಮಾಂತರವಾಗಿ ಬೇರೆ ಬೇರೆ ಷಂಟ್ ರೆಸಿಸ್ಟರ್ ಹಾಕಿ ಡ್ಯಾಂಪಿಂಗನ್ನು 0.7ರ ಆಸುಪಾಸಿಗೆ ತಂದೆ. ಅಡ್ಡ ಜಿಯೋಫೋನ್ ಸ್ವಲ್ಪ ವಾಲಿದರೂ ಆವರ್ತನ ಬದಲಾಗುತ್ತದೆ, ಹಾಗಾಗಿ ಈ ಪರೀಕ್ಷೆಗೆ ಮಟ್ಟಗೋಲು ಬೇಕೇ ಬೇಕು. ಇಷ್ಟು ಮಾಡಿದ ಮೇಲೆ ನನ್ನ ಮೂರರ ಹೊಂದಾಣಿಕೆ ಅಂಗಡಿಯ ಸಿದ್ಧ ಉಪಕರಣಕ್ಕೇನೂ ಕಡಿಮೆಯಿಲ್ಲ.

ದುಡ್ಡು ಸುರಿದದ್ದು ಎಡಿಸಿಗೆ, ಅಂದರೆ ಸಂಕೇತವನ್ನು ಅಂಕಿಗಳಾಗಿಸುವ ಚಿಪ್ಪಿಗೆ. ಮೈಕ್ರೋಕಂಟ್ರೋಲರಿನೊಳಗಿನ 12 ಬಿಟ್‌ನದು ಹೆಜ್ಜೆ ಸಪ್ಪಳ ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ. 16 ಬಿಟ್‌ನದು ನಿಶ್ಶಬ್ದ ಜಾಗದಲ್ಲಿ 2 ಹರ್ಟ್ಜ್ ಕೆಳಗೆ ಸತ್ತುಹೋಯಿತು. 24 ಬಿಟ್‌ಗೆ ಹೋದರೂ ಗದ್ದಲ ಇಳಿಯಲಿಲ್ಲ, ಯಾಕೆಂದರೆ ಅದು ಬರುತ್ತಿದ್ದದ್ದು ಸ್ವಿಚಿಂಗ್ ಪವರ್ ಸಪ್ಲೈಯಿಂದ. ಲಿಥಿಯಂ ಬ್ಯಾಟರಿಗೆ ಲೀನಿಯರ್ ರೆಗ್ಯುಲೇಟರ್ ಜೋಡಿಸಿದ ದಿನವೇ ಚಿತ್ರ ಬದಲಾಯಿತು. ಮೂಲೆ ಸೇರಿದ ಬೋರ್ಡುಗಳ ಖರ್ಚೆಲ್ಲ ಸೇರಿಸಿದರೂ ಮಾರುಕಟ್ಟೆಯ ಮೂರು ದಿಕ್ಕಿನ ಸೀಸ್ಮೋಮೀಟರಿನ ಬೆಲೆಯಲ್ಲಿ ಹತ್ತನೇ ಒಂದು ಪಾಲು ದಾಟಿಲ್ಲ.

ಇದನ್ನು ಕಟ್ಟಹೊರಟವರು ಒಂದು ಪರೀಕ್ಷೆಯನ್ನು ಬಿಡಲೇಬೇಡಿ. ಜಿಯೋಫೋನ್ ತೆಗೆದು ಅದೇ ಓಮ್‌ನ ರೆಸಿಸ್ಟರ್ ಹಾಕಿ ಅರ್ಧ ಗಂಟೆ ದಾಖಲಿಸಿ. ನೆಲದ ಕಂಪನ ಈ ಗೆರೆಗಿಂತ ಕೆಲವು ಪಟ್ಟಾದರೂ ಮೇಲಿರಬೇಕು. ಮೂರೂ ಚಾನಲ್‌ಗಳಲ್ಲಿ ಬರೀ ಪೆಟ್ಟಿಗೆಯ ಗದ್ದಲವೇ ಇದ್ದರೆ ಅನುಪಾತ 1ರ ಹತ್ತಿರ ಚಪ್ಪಟೆಯಾಗಿ ಬರುತ್ತದೆ. ಗಟ್ಟಿ ಬಂಡೆಯ ಮೇಲಿಟ್ಟರೂ ಹಾಗೇ ಬರುತ್ತದೆ! ಈ ಎರಡನ್ನು ಬೇರ್ಪಡಿಸಲು ನನಗೆ ಗೊತ್ತಿರುವ ದಾರಿ ಇದೊಂದೇ.

ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಗಾಳಿಗೆ ಅದುರುತ್ತಿತ್ತು, ಎರಕದ ಅಲ್ಯೂಮಿನಿಯಂ ಪೆಟ್ಟಿಗೆಗೆ ಮೂರು ಸ್ಕ್ರೂ ಕಾಲು ಹಾಕಿಸಿದೆ. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ದಾಟಿದರೆ 1 ಹರ್ಟ್ಜ್ ಕೆಳಗಿನದನ್ನು ನಂಬಬೇಡಿ ಎಂದು ಎಚ್/ವಿ ಅಳತೆಗೆಂದೇ ಬರೆದ 2004ರ ಸೆಸೇಮ್ ಮಾರ್ಗಸೂಚಿ ಹೇಳುವುದು ಅಕ್ಷರಶಃ ಸತ್ಯ. ಗೇಣುದ್ದ ಗುಂಡಿ ತೋಡಿ ಹೂತರೆ ತುಂಬಾ ವಾಸಿ. ಸಡಿಲ ಮರಳಿನಲ್ಲಿ ಕಾಲುಗಳ ಕೆಳಗೆ ನಾನು ಏನು ಇಡುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ, ಅಷ್ಟು ಹೊತ್ತು ಅದಕ್ಕೆ ವ್ಯಯಿಸಿದ್ದೇನೆ.

ಆ 22 ಮೀಟರಿನ ಜಾಗದಲ್ಲಿ ಎರಡು ಶಿಖರ ಬಂದವು, 1.6 ಮತ್ತು 2.5 ಹರ್ಟ್ಜ್‌ನಲ್ಲಿ. ಜಿಯೋಪ್ಸಿ ಎಂಬ ತಂತ್ರಾಂಶದಲ್ಲಿ ಕೊನ್ನೊ-ಓಮಾಚಿ ನಯಗೊಳಿಸುವಿಕೆಯ ಬಿ ಮೌಲ್ಯವನ್ನು 40ರಿಂದ 80ಕ್ಕೆ ಏರಿಸಿದೆ, ಅಂದರೆ ನಯಗೊಳಿಸುವುದನ್ನು ತಗ್ಗಿಸಿದೆ. 1.6ರದ್ದು ಸೂಜಿಯಷ್ಟು ಚೂಪಾಯಿತು, ಮೂರೂ ದಿಕ್ಕಿನ ರೋಹಿತದಲ್ಲಿಯೂ (ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂಬ ಚಿತ್ರ) ಅದೇ ಸೂಜಿ. ಯಾವುದೋ ನಿಧಾನಗತಿಯ ಯಂತ್ರ! ರಾತ್ರಿಯ ದಾಖಲೆಯಲ್ಲಿ ಅದು ಇರಲೇ ಇಲ್ಲ. 2.5ರದ್ದು ಅಗಲವಾಗಿ ಅಲ್ಲೇ ಕೂತಿತ್ತು. ಉಳಿದ ಜಿಯೋಫೋನ್‌ಗಳಲ್ಲಿ ಲಂಬದವನ್ನು ಸಾಲಾಗಿ ನೆಟ್ಟು, ಉಕ್ಕಿನ ತಟ್ಟೆಗೆ ಸುತ್ತಿಗೆ ಹೊಡೆದು ಮಾಸ್ವ್ (ಮೇಲ್ಮೈ ಅಲೆಗಳಿಂದ ಮಣ್ಣಿನ ವೇಗ ಕಂಡುಹಿಡಿಯುವ ಸರ್ವೆ) ಮಾಡಿದಾಗ ಮಣ್ಣಿನಲ್ಲಿ ಎಸ್ ಅಲೆಯ, ಅಂದರೆ ನೆಲವನ್ನು ಅಡ್ಡಡ್ಡ ಅಲುಗಿಸುವ ಅಲೆಯ ವೇಗ ಸೆಕೆಂಡಿಗೆ 205 ಮೀಟರಿನ ಸುಮಾರು ಬಂತು. ಅದನ್ನು ಆವರ್ತನದ ನಾಲ್ಕರಷ್ಟರಿಂದ ಭಾಗಿಸಿ, ಆಳ ಸಿಗುತ್ತದೆ.

ಅಲ್ಲಿಗೇ ಸುಮ್ಮನಿರಲಾಗದೆ, ಹೂತುಹೋದ ಹಳೆಯ ಕಣಿವೆಯೊಂದಕ್ಕೆ ಅಡ್ಡಲಾಗಿ ಪೆಟ್ಟಿಗೆಯನ್ನು ಸಾಗಿಸಿದೆ. ಶಿಖರ 6 ಹರ್ಟ್ಜ್‌ನಿಂದ ಇಳಿದು 2.5 ಮುಟ್ಟಿ ಮತ್ತೆ ಏರಿತು. ಕಣಿವೆಯ ಅಂಚಿನಲ್ಲಿ ಮಾತ್ರ ಶಿಖರವೇ ಕಾಣದೆ ಅಗಲದ ದಿಬ್ಬ. ಕೆಳಗಿನ ಬಂಡೆ ಕಡಿದಾಗಿ ಜಾರುವ ಕಡೆ ಹೀಗಾಗುತ್ತದೆ, ಅಂಥಲ್ಲಿ ನಾಲ್ಕರ ಸೂತ್ರ ಹಾಕಿ ಆಳ ಬರೆಯಲು ಹೋಗಬೇಡಿ.

ಶಿಖರದ ಎತ್ತರವನ್ನು ಭೂಕಂಪದಲ್ಲಿ ಅಲುಗಾಟ ಅಷ್ಟು ಪಟ್ಟು ಹೆಚ್ಚುತ್ತದೆ ಎಂದು ಓದುವವರಿದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ನಂಬಬೇಕಾದ್ದು ಆವರ್ತನವನ್ನು. 1985ರಲ್ಲಿ ಭೂಕಂಪದ ಕೇಂದ್ರ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿದ್ದರೂ ಮೆಕ್ಸಿಕೊ ನಗರದ ಹಳೆಯ ಕೆರೆಯಂಗಳದ ಜೇಡಿ ಎರಡು ಸೆಕೆಂಡಿನ ಸುಮಾರಿನ ಅವಧಿಯಲ್ಲಿ ತೂಗಿತು, ಅದಕ್ಕೆ ತಾಳ ಕೂಡಿದ ಮಧ್ಯಮ ಎತ್ತರದ ಕಟ್ಟಡಗಳು ಕುಸಿದವು. ಎರಡು ಸೆಕೆಂಡ್ ಎಂದರೆ 0.5 ಹರ್ಟ್ಜ್, ನನ್ನ ಪೆಟ್ಟಿಗೆ ಅಲ್ಲಿಗೆ ಇಳಿಯುವುದಿಲ್ಲ. ನಿಶ್ಶಬ್ದ ಜಾಗದಲ್ಲಿ 0.8ರವರೆಗೆ ನಾನು ಅದರ ಮಾತು ನಂಬುತ್ತೇನೆ. ಅಷ್ಟು ಆಳದ, ಅಷ್ಟು ಮೆತ್ತಗಿನ ಮಣ್ಣಿದ್ದರೆ ಸೀಸ್ಮೋಮೀಟರನ್ನೇ ಬಾಡಿಗೆಗೆ ತನ್ನಿ. ಮೂವತ್ತು-ನಲವತ್ತು ಮೀಟರಿನೊಳಗಿನ ಕೆಲಸಕ್ಕೆ ಇದು ಧಾರಾಳ ಸಾಕು.