ತೋಟದ ಮನೆಯಿಂದ ಇಂಟರ್ನ್‌ಶಿಪ್ ಮಾಡುವವರಿಗೆ

ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವನು. ಮೇ ನಡುವಿನಿಂದ ಎರಡು ತಿಂಗಳು ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಮನೆಯಲ್ಲೇ ಕೂತು ವೆಬ್‌ಸೈಟ್ ಟೆಸ್ಟಿಂಗ್ ಮಾಡಿದೆ. ಹಾಗೆ ಮಾಡಲು ಹೊರಟ ನಮ್ಮ ಊರಿನವರಿಗೆ ಇದು.

ಮೊದಲು ಆಫರ್ ಲೆಟರ್. ರಿಜಿಸ್ಟ್ರೇಶನ್ ಫೀಸು, ಟ್ರೈನಿಂಗ್ ಫೀಸು ಅಂತ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಶುರುವಾಗುವ, ಮುಗಿಯುವ ತಾರೀಕು, ದಿನಕ್ಕೆ ಎಷ್ಟು ಗಂಟೆ, ಸ್ಟೈಪೆಂಡ್ ಇದೆಯೋ ಇಲ್ಲವೋ, ಇಷ್ಟು ಬರಹದಲ್ಲಿ ಇರಲಿ.

ಇನ್ನು ಕರೆಂಟು. ಮಳೆಗಾಲದಲ್ಲಿ ಅಡಿಕೆ ಮರದ ಒಂದು ಸೋಗೆ ತಂತಿ ಮೇಲೆ ಬಿದ್ದರೂ ಸಾಕು, ಅರ್ಧ ದಿನ ಹೋಯಿತು. ಆದರೆ ಕರೆಂಟು ಹೋದ ಕೂಡಲೇ ಫೈಬರ್ ನೆಟ್ ಸತ್ತಿತು ಅಂತಲ್ಲ, ಹೆಚ್ಚಾಗಿ ಸಾಯುವುದು ಮನೆಯ ಮೋಡೆಮ್ ಮಾತ್ರ. ಅದರ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ತಂದು ಹಾಕಿ, ಕೆಲವು ಗಂಟೆ ತಳ್ಳಬಹುದು. ಸಿಡಿಲು ಹತ್ತಿರ ಬಂದರೆ ಮಾತ್ರ ಎಲ್ಲ ಪ್ಲಗ್ಗೂ ಕಿತ್ತು ಮೊಬೈಲ್ ಡೇಟಾಕ್ಕೆ ಬನ್ನಿ, ವಿಡಿಯೋ ಆಫ್ ಮಾಡಿ, ಬರೀ ಮಾತಿಗೆ ಡೇಟಾ ಬಹಳ ಕಡಿಮೆ ಸಾಕು. ತೋಟದ ತಗ್ಗಿನಲ್ಲಿ ರೇಂಜ್ ಇಲ್ಲದಿದ್ದರೆ, ಸಿಡಿಲು ಇಲ್ಲದ ಹೊತ್ತಿಗೆ ಹೋಗಲು ಗುಡ್ಡೆಯ ಯಾವ ಜಾಗದಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಮೀಟಿಂಗಿಗೆ ಐದು ನಿಮಿಷ ಇರುವಾಗ ಗುಡ್ಡೆ ಹತ್ತಿ ಏದುಸಿರು ಬಿಡುತ್ತಾ ಗುಡ್ ಮಾರ್ನಿಂಗ್ ಹೇಳಿದ್ದೇನೆ ನಾನು.

ನಿಜವಾದ ಕಷ್ಟ ನೆಟ್‌ನದ್ದಲ್ಲ, ಮನೆಯವರದ್ದು. ಲ್ಯಾಪ್‌ಟಾಪ್ ಎದುರು ಕೂತವನು ಸುಮ್ನೆ ಕೂತವನು, ಅಷ್ಟೇ ಅವರ ಲೆಕ್ಕ! ಮೇ ತಿಂಗಳಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಮೋಡ ಕಟ್ಟಿತೋ, "ಓಡಿ ಬಾರೋ, ಟಾರ್ಪಾಲು ಹಿಡಿ" ಅಂತ ಅಪ್ಪನ ಕೂಗು. ಓಡಲೇಬೇಕು, ಅದೂ ಸಂಪಾದನೆಯೇ ಅಲ್ವಾ. ನಾನು ಮಾಡಿದ್ದು ಇಷ್ಟು: ದಿನದ ಮೀಟಿಂಗ್ ಸಮಯವನ್ನು ದೊಡ್ಡದಾಗಿ ಬರೆದು ಚಾವಡಿಯ ಕ್ಯಾಲೆಂಡರ್ ಪಕ್ಕ ಅಂಟಿಸಿದೆ, ಆ ಹೊತ್ತು ಬಿಟ್ಟು ಬೇರೆ ಯಾವಾಗ ಕರೆದರೂ ಬರುತ್ತೇನೆ ಅಂತ ಅಪ್ಪನ ಹತ್ತಿರ ಒಪ್ಪಂದ ಮಾಡಿಕೊಂಡೆ. ಮದ್ದು ಬಿಡುವ ದಿನ ಮಾತ್ರ ಯಾವ ಒಪ್ಪಂದವೂ ನಡೆಯುವುದಿಲ್ಲ. ಮಳೆ ಬಿಟ್ಟ ದಿನವೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕು, ಪಂಪಿನ ಸದ್ದು ಕಿಟಕಿಯ ಹೊರಗೇ. ಕಂಪನಿಯಲ್ಲಿ ನನಗೆ ಕೆಲಸ ಹೇಳಿಕೊಡುತ್ತಿದ್ದ ಮೆಂಟರ್ ಒಮ್ಮೆ, ನಿಮ್ಮ ಮನೆ ಹತ್ತಿರ ಫ್ಯಾಕ್ಟರಿ ಇದೆಯಾ ಅಂತ ಕೇಳಿದರು. ಅಂಥ ದಿನ ಬೆಳಿಗ್ಗೆಯೇ ಮೆಸೇಜ್ ಹಾಕಿ: "ಇವತ್ತು ಮನೆಯಲ್ಲಿ ಸದ್ದು ಇದೆ, ಮೀಟಿಂಗಿನಲ್ಲಿ ಚಾಟ್‌ನಲ್ಲೇ ಉತ್ತರ ಕೊಡುತ್ತೇನೆ."

ನೀವು ಕೆಲಸ ಮಾಡುವುದು ಕಂಪನಿಯವರಿಗೆ ಕಾಣುವುದಿಲ್ಲ, ಹಾಗಾಗಿ ಸಂಜೆ ಮೂರು ಸಾಲು ಕಳಿಸಿ: ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡೆ, ನಾಳೆ ಏನು. ನಮಗೆ ಕನ್ನಡ, ತುಳು, ಮಲಯಾಳ ಬಂದರೂ ಮೀಟಿಂಗಿನಲ್ಲಿ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ, ಬರೆಯುವಾಗ ಯೋಚಿಸಲು ಸಮಯ ಇರುತ್ತದೆ. ಅರ್ಧ ಗಂಟೆ ಒದ್ದಾಡಿದರೂ ಆಗದಿದ್ದರೆ ಕೇಳಿ. ನಾನು ಮೊದಲ ವಾರ ಒಂದು ಲಾಗಿನ್ ಸಮಸ್ಯೆಗೆ ಎರಡು ದಿನ ಕಳೆದೆ, ಕೊನೆಗೆ ನೋಡಿದರೆ ನನಗೆ ಪರ್ಮಿಶನ್ನೇ ಕೊಟ್ಟಿರಲಿಲ್ಲ.

ಆ ಸಂಜೆಯ ಮೆಸೇಜುಗಳನ್ನು ತಾರೀಕಿನೊಂದಿಗೆ ಒಂದು ಕಡೆ ಇಡಿ, ಕಾಲೇಜಿನ ರಿಪೋರ್ಟಿಗೆ ಅದೇ ಸಾಮಾನು. ಸರ್ಟಿಫಿಕೇಟನ್ನು ಕೊನೆಯ ವಾರವೇ ಕೇಳಿ, ಹೆಸರು ಕಾಲೇಜಿನ ದಾಖಲೆಯಲ್ಲಿ ಇರುವ ಹಾಗೆಯೇ ಬರೆದು ಕಳಿಸಿ. ನನ್ನದರಲ್ಲಿ ಹೆಸರಿನ ಕೊನೆಯ ಇನಿಶಿಯಲ್ ಬಿಟ್ಟುಹೋಗಿತ್ತು, ಸರಿಮಾಡಿಸಿ ತರಿಸಲು ಹನ್ನೊಂದು ದಿನ ಹಿಡಿಯಿತು.