ಅನ್ನ, ಮುದ್ದೆ ಕಡಿಮೆ ಮಾಡಿ ದೂರ ಓಡೋದು ಹೇಗೆ?

ಕಟ್ಟುನಿಟ್ಟಾದ ಲೋ-ಕಾರ್ಬ್ ಊಟ ಅಂದರೆ ದಿನಕ್ಕೆ ಸುಮಾರು 50 ಗ್ರಾಂ ಒಳಗೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ). ಒಂದು ಕಪ್ ಅನ್ನದಲ್ಲೇ 45 ಗ್ರಾಂ ಹತ್ತಿರ ಮುಗಿದುಹೋಗುತ್ತದೆ. ರಾಗಿ ಒಳ್ಳೇದು, ಮುದ್ದೆ ನಡೆಯುತ್ತೆ ಅಂತೀರಾ? ಅದೂ ಕಾರ್ಬೇ.

ತಟ್ಟೆಯಲ್ಲಿ ಇರಬೇಕಾದ್ದು: ತುಪ್ಪದಲ್ಲಿ ಮಾಡಿದ ಮೊಟ್ಟೆ ಬುರ್ಜಿ, ಪನೀರ್, ಮೀನು, ಕಾಯಿತುರಿ ಧಾರಾಳವಾಗಿ ಹಾಕಿದ ಬೀನ್ಸ್ ಪಲ್ಯ, ಒಂದು ಹಿಡಿ ಕಡಲೆಬೀಜ. ಕೊಬ್ಬು ತಿನ್ನೋಕೆ ಹೆದರಿ ಅನ್ನವನ್ನೂ ಬಿಟ್ಟರೆ ಸುಮ್ನೆ ಉಪವಾಸ ಮಾಡಿದ ಹಾಗಾಗುತ್ತೆ ಅಷ್ಟೇ.

ರೇಸ್ ಹತ್ತಿರ ಇದ್ದಾಗ ಶುರು ಮಾಡಬೇಡಿ. ಮೊದಲ ಕೆಲವು ವಾರ ಕಾಲು ಭಾರ, ತಲೆನೋವು, ಸಿಡುಕು ಎಲ್ಲಾ ಬರಬಹುದು. ಸ್ನಾಯುವಿನಲ್ಲಿರುವ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಖಾಲಿಯಾಗುವಾಗ ನೀರೂ ಹೋಗುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ. ಅದಕ್ಕೇ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ ಇರಲಿ. ಬಿಪಿ, ಶುಗರ್‌ಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಲೇಬೇಡಿ.

ವೇಗ ಬೇಕಾ? ಹಾಗಾದರೆ ಇದು ನಿಮಗಲ್ಲ. ಆಸ್ಟ್ರೇಲಿಯಾದಲ್ಲಿ ನಡಿಗೆ ಸ್ಪರ್ಧಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಾರ್ಬ್ ಬಿಟ್ಟು ಕೊಬ್ಬು ತಿಂದವರ ದೇಹ ಮೂರು ವಾರಕ್ಕೇ ಕೊಬ್ಬನ್ನು ಜಾಸ್ತಿ ಉರಿಸತೊಡಗಿತು, ಆದರೆ ಅದೇ ವೇಗಕ್ಕೆ ಆಮ್ಲಜನಕವೂ ಜಾಸ್ತಿ ಬೇಕಾಯಿತು, 10 ಕಿ.ಮೀ. ಸಮಯ ಮಾತ್ರ ಸುಧಾರಿಸಲಿಲ್ಲ. ಗಂಟೆಗಟ್ಟಲೆ ನಿಧಾನವಾಗಿ ಸಾಗುವ ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ) ಓಟಗಾರರು ಬೇಕಾದರೆ ಪ್ರಯತ್ನಿಸಬಹುದು. ನನ್ನ ಕೇಳಿದರೆ, ನಿಧಾನದ ದಿನಗಳಲ್ಲಿ ಕಾರ್ಬ್ ಕಡಿಮೆ ಮಾಡಿ, ಜೋರಾಗಿ ಓಡುವ ದಿನ ಮತ್ತು ರೇಸ್ ದಿನ ಬಾಳೆಹಣ್ಣು, ಇಡ್ಲಿ ತಿನ್ನಿ. ಅದನ್ನೂ ರೇಸ್‌ಗೆ ಮೊದಲೇ ಅಭ್ಯಾಸದಲ್ಲಿ ತಿಂದು ನೋಡಿ, ಹೊಟ್ಟೆ ಒಪ್ಪಬೇಕಲ್ವಾ.